ಹೊಸ್ತಿಲಲ್ಲಿ ನಿಂತು ಕೆಮ್ಮುವ ಕಂಪ್ಯೂಟರ್



ನಾನೀಗ ಕೂತಿರುವ ಧ್ವನಿಮುದ್ರಣದ ಕೋಣೆಯನ್ನು ನಿಮ್ಮಲ್ಲಿ ಹಲವರು ನೋಡಿರಲಾರಿರಿ. ಗೋಡೆಗೆಲ್ಲ ಸದ್ದು ಹೀರುವ ಹಲಗೆ, ಮೇಜಿನ ಮೇಲೊಂದು ಮೈಕು, ಎದುರಿಗೆ ದಪ್ಪ ಗಾಜಿನ ಕಿಟಕಿ. ಕಿಟಕಿಯಾಚೆ ಕಾರ್ಯಕ್ರಮ ನಡೆಸಿಕೊಡುವವರು. ಹೊರಬಾಗಿಲ ಮೇಲೆ ಒಂದು ಕೆಂಪು ದೀಪ. ಅದು ಹೊತ್ತಿಕೊಂಡಿತೆಂದರೆ ಒಳಗೆ ಮಾತು ನಡೆದಿದೆ ಎಂದರ್ಥ. ಎಂಥ ದೊಡ್ಡ ಅಧಿಕಾರಿಯೂ ಬಾಗಿಲು ತಳ್ಳುವುದಿಲ್ಲ. ನನ್ನ ಹೊತ್ತು ಮುಗಿಯುತ್ತ ಬಂದಾಗ ಗಾಜಿನಾಚೆಯವರು ‘ಬೇಗ ಮುಗಿಸಿ’ ಎಂದು ಕೂಗುವುದಿಲ್ಲ. ಒಂದು ಬೆರಳು ಎತ್ತುತ್ತಾರೆ. ಅದು ನನ್ನ ಕಣ್ಣಂಚಿಗೆ ಬೀಳುತ್ತದೆ. ಇನ್ನೊಂದು ನಿಮಿಷ ಉಳಿದಿದೆ ಎಂದು ತಿಳಿಯುತ್ತದೆ. ಆದರೆ ಹಿಡಿದ ವಾಕ್ಯ ತುಂಡಾಗುವುದಿಲ್ಲ. ಸುದ್ದಿ ಮುಟ್ಟಿತು, ಕೆಲಸ ಕೆಡಲಿಲ್ಲ. ನಾನು ಇವತ್ತು ಹೇಳಹೊರಟದ್ದೆಲ್ಲ ಆ ಒಂದು ಬೆರಳಿನಲ್ಲೇ ಇದೆ.

ವಿಷಯ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಮೂಡುವ ಸೂಚನೆಗಳದ್ದು. ನೋಟಿಫಿಕೇಶನ್ ಎಂದು ನಾವೆಲ್ಲ ಕರೆಯುವ ಆ ಪುಟ್ಟ ಚೌಕಗಳು. ಮೇಲ್ ಬಂತು, ಬ್ಯಾಟರಿ ಇಳಿಯಿತು, ಯಾರೋ ಸಂದೇಶ ಕಳಿಸಿದರು, ಯಾವುದೋ ತಂತ್ರಾಂಶಕ್ಕೆ ಹೊಸ ಆವೃತ್ತಿ ಬಂತು. ಹೋದ ವರ್ಷ ಒಂದು ಶಿಬಿರದಲ್ಲಿ ನಲವತ್ತು ಜನ ಶಿಕ್ಷಕರ ಮುಂದೆ, ನನ್ನ ಲ್ಯಾಪ್‌ಟಾಪನ್ನು ಗೋಡೆಯಗಲದ ತೆರೆಗೆ ಜೋಡಿಸಿಕೊಂಡು ಪಾಠ ಹೇಳುತ್ತಿದ್ದೆ. ಒಂದು ತೊಡಕಿನ ವಿಷಯ ಬಿಡಿಸುವ ಹೊತ್ತಿಗೆ ಸರಿಯಾಗಿ ಬಲ ಮೂಲೆಯಿಂದ ಒಂದು ಚೌಕ ಜಾರಿಕೊಂಡು ಬಂತು: ‘ಬರೋವಾಗ ಕಾಲು ಕೆಜಿ ಹಸಿಮೆಣಸಿನಕಾಯಿ, ಮರೀಬೇಡಿ.’ ಎಲ್ಲರೂ ನಕ್ಕರು, ನಾನೂ ನಕ್ಕೆ. ನಗು ನಿಂತ ಮೇಲೆ, ಪಾಠ ಎಲ್ಲಿಗೆ ಬಿಟ್ಟಿದ್ದೆನೆಂಬುದೇ ನೆನಪಾಗಲಿಲ್ಲ. ಮುಂದಿನ ಸಾಲಿನ ಮೇಷ್ಟ್ರೊಬ್ಬರು ಎಳೆ ಹಿಡಿದು ಕೊಟ್ಟರು. ಮೆಣಸಿನಕಾಯಿಯ ಸುದ್ದಿ ಸುಳ್ಳೂ ಅಲ್ಲ, ಬೇಡದ್ದೂ ಅಲ್ಲ. ಸಂಜೆ ಐದಕ್ಕೆ ಬಂದಿದ್ದರೆ ಉಪಕಾರ. ಬೆಳಿಗ್ಗೆ ಹನ್ನೊಂದಕ್ಕೆ ಬಂದದ್ದರಿಂದ ಉಪದ್ರವ.

ಇಷ್ಟು ಸಣ್ಣ ಚೌಕ ನಮ್ಮನ್ನು ಅಷ್ಟು ಬಲವಾಗಿ ಎಳೆಯುವುದೇಕೆ? ನಮ್ಮ ಕಣ್ಣಿನ ನಡುಭಾಗ ಅಕ್ಷರ ಓದುವುದಕ್ಕೆ ಚುರುಕು. ಅಂಚಿಗೆ ಅಕ್ಷರ ಹತ್ತುವುದಿಲ್ಲ, ಆದರೆ ಅಲುಗಾಟ ಚೆನ್ನಾಗಿ ಹತ್ತುತ್ತದೆ. ಗದ್ದೆಯ ಬದುವಿನ ಮೇಲೆ ನಡೆಯುವಾಗ ಪಕ್ಕದ ಹುಲ್ಲು ಸರಕ್ಕೆಂದರೆ ನಾವು ಯೋಚಿಸಿ ತಿರುಗುವುದಿಲ್ಲ, ತಿರುಗಿದ ಮೇಲೆ ಯೋಚಿಸುತ್ತೇವೆ. ಪರದೆಯ ಅಂಚಿನಿಂದ ಜಾರಿ ಬರುವ ಚೌಕ ಆ ಹಳೆಯ ಎಚ್ಚರವನ್ನೇ ಮೀಟುತ್ತದೆ. ಒಳಗಿರುವುದು ಹಾವಲ್ಲ, ಅಂಗಡಿಯ ರಿಯಾಯಿತಿ ಎಂದು ತಿಳಿಯುವ ಹೊತ್ತಿಗೆ ಎಳೆ ತಪ್ಪಿಯಾಗಿರುತ್ತದೆ.

ಸೋಜಿಗವೆಂದರೆ, ಅಡ್ಡಿಯನ್ನು ನಿಭಾಯಿಸುವ ವಿದ್ಯೆಯನ್ನು ಕಂಪ್ಯೂಟರ್ ತನ್ನ ಮಟ್ಟಿಗೆ ಬಹಳ ಅಚ್ಚುಕಟ್ಟಾಗಿ ಕಲಿತಿದೆ. ನೀವು ಒಂದು ಕೀಲಿ ಒತ್ತಿದರೆ ಒಳಗಿನ ಸಂಸ್ಕಾರಕಕ್ಕೆ ಒಂದು ಕರೆ ಹೋಗುತ್ತದೆ. ಅದಕ್ಕೆ ಇಂಟರಪ್ಟ್ ಎಂದೇ ಹೆಸರು. ಸಂಸ್ಕಾರಕ ತಾನು ಮಾಡುತ್ತಿದ್ದ ಲೆಕ್ಕವನ್ನು, ಯಾವ ಹೆಜ್ಜೆಯಲ್ಲಿದ್ದೆ ಎಂಬುದನ್ನು, ಕೈಯಲ್ಲಿದ್ದ ಅಂಕಿಗಳನ್ನು ಜೋಪಾನವಾಗಿ ಎತ್ತಿಟ್ಟು, ಕರೆಗೆ ಓಗೊಟ್ಟು, ಮತ್ತೆ ಅದೇ ಹೆಜ್ಜೆಗೆ ಮರಳುತ್ತದೆ. ತೀರ ಸೂಕ್ಷ್ಮವಾದ ಕೆಲಸದಲ್ಲಿದ್ದಾಗ, ‘ಸ್ವಲ್ಪ ಹೊತ್ತು ಯಾರೂ ಕರೆಯಬೇಡಿ’ ಎಂದು ಕರೆಗಳನ್ನು ತಡೆಹಿಡಿಯುವ ಸೌಲಭ್ಯವೂ ಅದಕ್ಕುಂಟು. ತನಗಾಗಿ ಇಷ್ಟೆಲ್ಲ ಮಾಡಿಕೊಂಡ ಯಂತ್ರ, ಎದುರಿಗೆ ಕೂತ ಮನುಷ್ಯನಿಗೂ ಹೀಗೆ ಎತ್ತಿಡುವ ಗೂಡೊಂದು ತಲೆಯೊಳಗೆ ಇದೆಯೆಂದೇ ನಂಬಿದಂತೆ ನಡೆದುಕೊಳ್ಳುತ್ತದೆ. ನಮಗೆ ಅಂಥ ಗೂಡಿಲ್ಲ. ಅರ್ಧ ಕಟ್ಟಿದ ವಾಕ್ಯ, ಅರ್ಧ ಕೂಡಿದ ಲೆಕ್ಕ ಕೈಬಿಟ್ಟರೆ ಚೆಲ್ಲಿಹೋಗುತ್ತದೆ.

ಇದನ್ನು ಅಳೆದು ನೋಡಿದವರಿದ್ದಾರೆ. ಶಂಸಿ ಇಕ್ಬಾಲ್ ಮತ್ತು ಎರಿಕ್ ಹಾರ್ವಿಟ್ಸ್ ಎಂಬ ಇಬ್ಬರು ಸಂಶೋಧಕರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಚೇರಿಯಲ್ಲಿ ಕೆಲಸ ಮಾಡುವವರು ಸೂಚನೆಯ ಬೆನ್ನು ಹತ್ತಿ ಹೋದರೆ ಅದರಲ್ಲೇ ಸರಾಸರಿ ಹತ್ತಿರ ಹತ್ತಿರ 10 ನಿಮಿಷ ಕಳೆಯುತ್ತಿದ್ದರು. ಅದು ಮುಗಿದ ಮೇಲೆ ಮೊದಲಿನ ಕೆಲಸದಲ್ಲಿ ಮನಸ್ಸು ನೆಲೆಗೊಳ್ಳುವುದಕ್ಕೆ ಮತ್ತೆ 10ರಿಂದ 15 ನಿಮಿಷ ಹಿಡಿಯುತ್ತಿತ್ತು. ಮರು ವರ್ಷ ಕ್ಯಾಲಿಫೋರ್ನಿಯಾದ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು ಇನ್ನೊಂದು ಮುಖ ತೋರಿಸಿದರು. ಅಡ್ಡಿಗೊಳಗಾದವರು ಕೆಲಸವನ್ನು ನಿಧಾನಿಸಲಿಲ್ಲ, ಬದಲಿಗೆ ಇನ್ನೂ ಬೇಗ ಮುಗಿಸಿದರು. ಆದರೆ ಅದಕ್ಕೆ ತೆತ್ತ ಬೆಲೆ ಹೆಚ್ಚಿನ ಒತ್ತಡ, ಹೆಚ್ಚಿನ ಕಿರಿಕಿರಿ, ಹೆಚ್ಚಿನ ಶ್ರಮ. ಹೊತ್ತು ಹಾಳಾಗದಿದ್ದರೂ ಮನುಷ್ಯ ಹಣ್ಣಾಗುತ್ತಾನೆ.

ಈ ಕಾಟ ಹೊಸದಲ್ಲ, ಅದಕ್ಕೆ ಮದ್ದೂ ಹೊಸದಲ್ಲ. ಕಂಪ್ಯೂಟರುಗಳ ಆಸ್ಕಿ ಅಕ್ಷರ ಪಟ್ಟಿಯಲ್ಲಿ 7ನೆಯ ಸಂಖ್ಯೆ ಯಾವ ಅಕ್ಷರಕ್ಕೂ ಸೇರಿದ್ದಲ್ಲ, ಅದು ಗಂಟೆ. ಟೆಲಿಪ್ರಿಂಟರಿನ ಕಾಲದಲ್ಲಿ ಆಚೆ ಊರಿನಿಂದ ಆ ಸಂಕೇತ ಬಂದರೆ ಈಚೆ ನಿಜವಾದ ಗಂಟೆಯೇ ಬಾರಿಸುತ್ತಿತ್ತು. ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ಒಬ್ಬರ ತೆರೆಯ ಮೇಲೆ ಇನ್ನೊಬ್ಬರು ನೇರವಾಗಿ ಸಂದೇಶ ಬರೆಯಬಹುದಿತ್ತು. ಬರೆಯುವ ಸೌಲಭ್ಯ ಕೊಟ್ಟವರೇ, ‘ನನ್ನ ತೆರೆಯ ಮೇಲೆ ಯಾರೂ ಬರೆಯಬೇಡಿ’ ಎನ್ನುವುದಕ್ಕೂ ‘ಮೆಸ್ಗ್’ ಎಂಬ ಪುಟ್ಟ ಆಜ್ಞೆಯನ್ನು 1971ರ ಮೊದಲ ಆವೃತ್ತಿಯಲ್ಲೇ ಇಟ್ಟಿದ್ದರು. ಬಾಗಿಲು ಇಟ್ಟವರಿಗೆ ಅಗುಳಿ ಇಡುವ ಬುದ್ಧಿಯೂ ಇತ್ತು.

ಮುಂದೆ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಮೇಲ್ ಬಂದದ್ದನ್ನು ತಿಳಿಸುವ ಒಂದು ತಂತ್ರಾಂಶ ಹುಟ್ಟಿತು. ಹೆಸರು ‘ಬಿಫ್’. ಅದು ಅಲ್ಲಿ ಓಡಾಡಿಕೊಂಡಿದ್ದ ಒಂದು ನಾಯಿಯ ಹೆಸರು. ಅಂಚೆಯವನನ್ನು ಕಂಡರೆ ನಾಯಿ ಬೊಗಳುತ್ತಿದ್ದುದರಿಂದ ತಂತ್ರಾಂಶಕ್ಕೆ ಈ ಹೆಸರು ಬಂತೆಂದು ಕತೆ ಹಬ್ಬಿತು. ನಾಯಿಯನ್ನು ಬಲ್ಲವರು, ಅದೆಲ್ಲ ಕಟ್ಟುಕತೆ ಎಂದರು. ಬಿಫ್ ನೇರವಾಗಿ ನೀವು ಬರೆಯುತ್ತಿದ್ದ ಸಾಲಿನ ನಡುವೆಯೇ ಸುದ್ದಿ ಅಚ್ಚೊತ್ತುತ್ತಿತ್ತು. ಅದರ ತಮ್ಮ ‘ಎಕ್ಸ್‌ಬಿಫ್’ ತೆರೆಯ ಮೂಲೆಯಲ್ಲಿ ಅಂಚೆಪೆಟ್ಟಿಗೆಯೊಂದರ ಚಿತ್ರ ಇಟ್ಟಿತು. ಮೇಲ್ ಬಂದಾಗ ಪೆಟ್ಟಿಗೆಯ ಬಾವುಟ ಮೇಲೇಳುತ್ತಿತ್ತು. ಬೊಗಳುವ ನಾಯಿಗಿಂತ ಏಳುವ ಬಾವುಟ ಎಷ್ಟೋ ವಾಸಿ. ನೋಡಿದಾಗ ಕಾಣುತ್ತದೆ, ನೋಡದಿದ್ದರೆ ಸುಮ್ಮನೆ ನಿಂತಿರುತ್ತದೆ.

ಆ ಬಾವುಟದ ಜಾಣತನವನ್ನು ನಾವು ಬಹುಕಾಲ ಮರೆತೆವು. 2001ರ ವಿಂಡೋಸ್ ಎಕ್ಸ್‌ಪಿ ಬಳಸಿದವರಿಗೆ ನೆನಪಿರಬಹುದು: ಕೆಳಮೂಲೆಯಿಂದ ಹಳದಿ ಬಲೂನೊಂದು ಎದ್ದು, ‘ನಿಮ್ಮ ಡೆಸ್ಕ್‌ಟಾಪ್ ಮೇಲೆ ಬಳಸದ ಚಿತ್ರಿಕೆಗಳಿವೆ’ ಎಂದು ವರದಿ ಒಪ್ಪಿಸುತ್ತಿತ್ತು. ಇದ್ದರೆ ಇರಲಿ, ಅದಕ್ಕೆ ನನ್ನ ಕೆಲಸ ಯಾಕೆ ನಿಲ್ಲಬೇಕು? ಆ ಬಲೂನನ್ನು ಹೋಗಲಾಡಿಸಲು ಅದರ ಮೂಲೆಯ ಸಣ್ಣ ಗುರುತಿಗೆ ಗುರಿಯಿಟ್ಟು ಮೌಸ್ ಒತ್ತಬೇಕಿತ್ತು. ಕರೆಯದೆ ಬಂದ ಅತಿಥಿಯನ್ನು ಕಳಿಸುವ ಶ್ರಮವೂ ಮನೆಯವರದ್ದೇ.

ಈ ಸಮಸ್ಯೆಯನ್ನು ಬುಡದಿಂದ ಯೋಚಿಸಿದ ಒಂದು ಪ್ರಯತ್ನವನ್ನು ನಾನು ಸ್ವಲ್ಪ ವಿವರವಾಗಿ ಹೇಳಬೇಕು. 2009ರ ಏಪ್ರಿಲ್‌ನಲ್ಲಿ ಉಬುಂಟು ಎಂಬ ಮುಕ್ತ ತಂತ್ರಾಂಶದ 9.04ನೆಯ ಆವೃತ್ತಿ ಹೊರಬಂತು. ಅದರಲ್ಲಿ ‘ನೋಟಿಫೈ ಓಎಸ್‌ಡಿ’ ಎಂಬ ಹೊಸ ಸೂಚನಾ ವ್ಯವಸ್ಥೆ ಇತ್ತು. ಉಬುಂಟುವಿನ ಸ್ಥಾಪಕ, ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ ಇದರ ಹಿಂದಿನ ವಿಚಾರವನ್ನು ಮೊದಲೇ ಮುಂದಿಟ್ಟಿದ್ದರು. ವಿಚಾರ ಸರಳ, ಆದರೆ ಹಟದ್ದು: ಸೂಚನೆಯ ಮೇಲೆ ಒಂದೂ ಗುಂಡಿ ಇರಬಾರದು. ‘ಸರಿ’ ಎಂಬ ಗುಂಡಿಯೂ ಬೇಡ, ಮುಚ್ಚುವ ಗುರುತೂ ಬೇಡ. ಯಾಕೆ? ಗುಂಡಿ ಇಟ್ಟ ಕೂಡಲೇ ಸೂಚನೆ ಹೋಗಿ ಅಪ್ಪಣೆಯಾಗುತ್ತದೆ. ಒತ್ತಬೇಕೋ ಬೇಡವೋ, ಈಗಲೋ ಆಮೇಲೋ ಎಂದು ಮನಸ್ಸು ತೀರ್ಮಾನಕ್ಕೆ ಕೂರುತ್ತದೆ. ಗುಂಡಿಯೇ ಇಲ್ಲದಿದ್ದರೆ ನಿಮ್ಮಿಂದ ಯಾರೂ ಏನನ್ನೂ ಕೇಳುತ್ತಿಲ್ಲ.

ಹಾಗೆ ರೂಪುಗೊಂಡ ಕಪ್ಪು ಗುಳ್ಳೆ ತೆರೆಯ ಬಲಬದಿಯಲ್ಲಿ ಮೆಲ್ಲನೆ ಮೂಡಿ, ಕೆಲವು ಕ್ಷಣ ಇದ್ದು, ತಾನೇ ಕರಗುತ್ತಿತ್ತು. ಒಮ್ಮೆಗೆ ಹತ್ತು ಸುದ್ದಿ ಬಂದರೆ ಹತ್ತೂ ಮೈಮೇಲೆ ಬೀಳುತ್ತಿರಲಿಲ್ಲ, ಸರದಿಯಲ್ಲಿ ನಿಲ್ಲುತ್ತಿದ್ದವು. ಎಲ್ಲಕ್ಕಿಂತ ಚೆಂದದ ನಡೆ ಇನ್ನೊಂದಿತ್ತು. ಗುಳ್ಳೆ ನಿಂತ ಜಾಗದಲ್ಲೇ ನಿಮಗೆ ಕೆಲಸವಿದ್ದು ಮೌಸಿನ ಬಾಣವನ್ನು ಅಲ್ಲಿಗೆ ಒಯ್ದರೆ, ಗುಳ್ಳೆ ಮಸುಕಾಗಿ ದಾರಿ ಬಿಡುತ್ತಿತ್ತು. ಅದರ ಹಿಂದಿರುವುದನ್ನು ನೀವು ಅದರ ಮೂಲಕವೇ ಒತ್ತಬಹುದಿತ್ತು. ಕಿರಿದಾದ ಓಣಿಯಲ್ಲಿ ಎದುರು ಬಂದವರಿಗೆ ಗೋಡೆಗೊತ್ತಿ ನಿಲ್ಲುವ ಮರ್ಯಾದೆ ಅದು. ಬಂದ ಸಂದೇಶದ ನೆನಪನ್ನು ಇಟ್ಟುಕೊಳ್ಳುವ ಕೆಲಸ ಗುಳ್ಳೆಯದಲ್ಲ, ಮೇಲಿನ ಪಟ್ಟಿಯ ಲಕೋಟೆಯ ಚಿತ್ರದ್ದು. ಹೊಸ ಸಂದೇಶವಿದ್ದರೆ ಅದು ಗುರುತು ತೋರಿಸುತ್ತಿತ್ತು. ತಿಳಿಸುವವನೊಬ್ಬ, ನೆನಪಿಡುವವನೊಬ್ಬ.

ಎಲ್ಲರೂ ಮೆಚ್ಚಿದರೇ? ಇಲ್ಲ. ಸ್ನೇಹಿತನ ಸಂದೇಶ ಮೂಡಿದಾಗ ಅದನ್ನೇ ಒತ್ತಿ ಉತ್ತರಿಸೋಣವೆಂದು ಹೋದರೆ ಗುಳ್ಳೆ ನಾಚಿಕೊಂಡು ಮಸುಕಾಗುತ್ತಿತ್ತು. ಕಾಫಿಗೆ ಎದ್ದು ಹೋದಾಗ ಬಂದ ಸೂಚನೆ, ಲಕೋಟೆಗೆ ಸೇರದ್ದಾದರೆ, ಹೋದದ್ದೇ. ಹಿಂದಿರುಗಿ ನೋಡಲು ಪಟ್ಟಿಯಿರಲಿಲ್ಲ. ಗುಂಡಿ ಬೇಕೇಬೇಕಾದ ಕಡೆ ಇನ್ನೊಂದು ಪೇಚು. ತಂತ್ರಾಂಶ ನವೀಕರಣಕ್ಕೆ ಬಳಕೆದಾರನ ಒಪ್ಪಿಗೆ ಬೇಕು, ಗುಳ್ಳೆಯಲ್ಲಿ ಕೇಳುವಂತಿಲ್ಲ. ಅದಕ್ಕಾಗಿ ನವೀಕರಣದ ಕಿಟಕಿಯನ್ನೇ ತಾನಾಗಿ ತೆರೆಯುವಂತೆ ಮಾಡಿದರು. ಅದು ಅನೇಕರ ಸಿಟ್ಟಿಗೆ ಗುರಿಯಾಯಿತು. 2017ರಲ್ಲಿ ಉಬುಂಟು ತನ್ನ ಮುಖ್ಯ ತೆರೆಯ ವ್ಯವಸ್ಥೆಯನ್ನು ಬದಲಿಸಿ ಗ್ನೋಮ್ ಎಂಬುದನ್ನು ತಂದಾಗ ಆ ಗುಳ್ಳೆಯೂ ಹಿಂದೆ ಸರಿಯಿತು. ನನ್ನ ಲೆಕ್ಕದಲ್ಲಿ ಅದು ಸೋತದ್ದು ನೆನಪಿನ ವಿಷಯದಲ್ಲಿ, ಮರ್ಯಾದೆಯ ವಿಷಯದಲ್ಲಿ ಅಲ್ಲ. ಈಗ ಮ್ಯಾಕ್‌ನಲ್ಲಿ 2012ರಿಂದ, ವಿಂಡೋಸ್‌ನಲ್ಲಿ 2015ರಿಂದ, ಬಂದ ಸೂಚನೆಗಳನ್ನೆಲ್ಲ ಕೂಡಿಟ್ಟು ಆಮೇಲೆ ತೋರಿಸುವ ಬದಿಯ ಕಪಾಟು ಇದೆ. ಆ ಕಪಾಟು ಇದ್ದ ಮೇಲೆ ಸೂಚನೆ ಮುಖದ ಮುಂದೆ ಕುಣಿಯುವ ಅಗತ್ಯವೇ ಕಡಿಮೆ.

ಹೇಗೆ ತಿಳಿಸಬೇಕು ಎಂಬುದು ಒಂದು ಭಾಗವಾಯಿತು. ಯಾವಾಗ ತಿಳಿಸಬೇಕು ಎಂಬುದು ಇನ್ನೂ ದೊಡ್ಡದು. ರಾಮನವಮಿಯ ಸಂಗೀತ ಕಛೇರಿಗೆ ಹೋದವರು ನೋಡಿರುತ್ತೀರಿ. ಕೇಳುಗರೊಬ್ಬರಿಗೆ ತಮ್ಮ ಮೆಚ್ಚಿನ ದೇವರನಾಮ ಬೇಕಾಗಿರುತ್ತದೆ. ಚೀಟಿ ಬರೆಯುತ್ತಾರೆ. ಚೀಟಿ ಕೈಯಿಂದ ಕೈಗೆ ದಾಟಿ ವೇದಿಕೆಯ ಅಂಚಿಗೆ ಬರುತ್ತದೆ. ಅಲ್ಲಿ ಕೂತವರು ಅದನ್ನು ಆಲಾಪನೆಯ ನಡುವೆ ಗಾಯಕರ ಮೂಗಿನ ಮುಂದೆ ಹಿಡಿಯುವುದಿಲ್ಲ. ಒಂದು ಕೃತಿ ಮುಗಿದು, ಚಪ್ಪಾಳೆ ಬಿದ್ದು, ತಂಬೂರಿ ಮತ್ತೊಮ್ಮೆ ಸರಿಮಾಡಿಕೊಳ್ಳುವಾಗ ಮುಂದಕ್ಕೆ ಸರಿಸುತ್ತಾರೆ. ಸಂಶೋಧಕರು ಇದೇ ಬಿಡುವಿಗೆ ಬ್ರೇಕ್‌ಪಾಯಿಂಟ್ ಎನ್ನುತ್ತಾರೆ. ಕಡತ ಉಳಿಸಿದಾಗ, ಒಂದು ಪತ್ರ ಕಳಿಸಿ ಇನ್ನೊಂದಕ್ಕೆ ಹೊರಟಾಗ, ಒಂದು ತಂತ್ರಾಂಶ ಮುಚ್ಚಿದಾಗ ತಲೆಯ ಹೊರೆ ಅರೆಗಳಿಗೆ ಇಳಿದಿರುತ್ತದೆ. ಆಗ ಬಂದ ಸೂಚನೆ ಕಡಿಮೆ ಕಾಡುತ್ತದೆ ಎಂದು ಇಕ್ಬಾಲ್ ಮತ್ತು ಅವರ ಗುರು ಬ್ರಯನ್ ಬೈಲಿ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಮನುಷ್ಯ ಯಾವಾಗ ಕಡತ ಉಳಿಸಿದ, ಯಾವಾಗ ಕಿಟಕಿ ಬದಲಿಸಿದ ಎಂಬುದು ಕಂಪ್ಯೂಟರಿಗೆ ಗೊತ್ತೇ ಇದೆ. ಚೀಟಿ ಹಿಡಿದು ಒಂದೆರಡು ನಿಮಿಷ ಕಾಯುವ ತಾಳ್ಮೆಯನ್ನು ನಾವು ಅದಕ್ಕೆ ಕಲಿಸಿಲ್ಲ, ಅಷ್ಟೆ.

ಕಾಯಲಾಗದ ಸುದ್ದಿಯೂ ಇರುತ್ತದಲ್ಲ ಎನ್ನುತ್ತೀರಿ. ನಿಜ. ಅಡುಗೆಮನೆಯಲ್ಲೇ ನೋಡಿ. ಕುಕ್ಕರಿನ ಸೀಟಿ ಒಂದು, ಎರಡು, ಮೂರು ಎಂದು ನಾವು ತರಕಾರಿ ಹೆಚ್ಚುತ್ತಲೇ ಎಣಿಸುತ್ತೇವೆ. ಹಾಲು ಉಕ್ಕಿದರೆ ಮಾತ್ರ ಕತ್ತಿ ಬಿಟ್ಟು ಓಡಬೇಕು. ಎಲ್ಲಕ್ಕೂ ಓಡುವವರು ಅಡುಗೆ ಮಾಡಲಾರರು. ಕಂಪ್ಯೂಟರ್ ಲೋಕದಲ್ಲೂ ಈ ಮೇಲುಕೀಳಿನ ಅಳತೆಗಳಿವೆ. ಉಬುಂಟುವಿನಂಥ ಲಿನಕ್ಸ್ ಕಾರ್ಯವ್ಯವಸ್ಥೆಗಳ ತೆರೆಗಳಿಗಾಗಿ ಮಾಡಿಕೊಂಡ ಒಪ್ಪಂದದಲ್ಲಿ ಸೂಚನೆಗೆ 3 ದರ್ಜೆ: ಹಗುರ, ಸಾಮಾನ್ಯ, ಗಂಭೀರ. ಗಂಭೀರವಾದದ್ದು ತಾನಾಗಿ ಮರೆಯಾಗಬಾರದು. ಆ್ಯಪಲ್ 2021ರಲ್ಲಿ 4 ದರ್ಜೆ ಮಾಡಿತು. ತೀರ ಮೇಲಿನ ದರ್ಜೆಯನ್ನು ಬಳಸಬೇಕಾದರೆ ತಂತ್ರಾಂಶ ಮಾಡುವವರು ಕಂಪನಿಯ ಪ್ರತ್ಯೇಕ ಅನುಮತಿ ಪಡೆಯಬೇಕು.

ಆ ಅನುಮತಿಯ ನಿಯಮ ಸುಮ್ಮನೆ ಬಂದದ್ದಲ್ಲ. ದರ್ಜೆ ನಿಗದಿ ಮಾಡುವವರು ಸುದ್ದಿ ಕಳಿಸುವವರೇ ಆದರೆ, ಪ್ರತಿಯೊಬ್ಬರ ಹಾಲೂ ಸದಾ ಉಕ್ಕುತ್ತಿರುತ್ತದೆ. ಜಾಲತಾಣಗಳನ್ನೇ ನೋಡಿ. ಪುಟ ತೆರೆಯುವ ಮೊದಲೇ ‘ನಿಮಗೆ ಸೂಚನೆ ಕಳಿಸಲೇ?’ ಎಂಬ ಪ್ರಶ್ನೆ. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ 2019ರಲ್ಲಿ ಲೆಕ್ಕ ಹಾಕಿ ನೋಡಿದಾಗ ಇಂಥ ಪ್ರಶ್ನೆಗಳಲ್ಲಿ ನೂರಕ್ಕೆ ಸುಮಾರು 99ಕ್ಕೆ ಒಪ್ಪಿಗೆ ಸಿಕ್ಕಿರಲಿಲ್ಲ. ಮರು ವರ್ಷದ ಆರಂಭದಲ್ಲಿ ಫೈರ್‌ಫಾಕ್ಸ್ ಈ ಪ್ರಶ್ನೆಯನ್ನು ಮುಖದ ಮುಂದಿನಿಂದ ತೆಗೆದು, ವಿಳಾಸಪಟ್ಟಿಯ ಒಂದು ಪುಟ್ಟ ಚಿತ್ರವಾಗಿ ಮಾಡಿತು. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕತೆ ನಮಗೆಲ್ಲ ಗೊತ್ತು. ಆ ಊರಿನವರ ತಪ್ಪೇನೂ ಇರಲಿಲ್ಲ. ಅವರ ಕಿವಿಯನ್ನು ಹುಡುಗನೇ ಕೆಡಿಸಿದ್ದ.

ತೂಕದ ಸುದ್ದಿಯನ್ನೂ ತಡೆಹಿಡಿಯಬೇಕಾದ ಹೊತ್ತು ಉಂಟು ಎಂಬುದಕ್ಕೆ ವಿಮಾನದ ಚಾಲಕರ ಕೋಣೆ ಸಾಕ್ಷಿ. ಏರ್‌ಬಸ್ ಎ320 ನೆಲಬಿಟ್ಟು ಏಳುವಾಗ ವೇಗ 80 ನಾಟ್ ದಾಟಿದ ಮೇಲೆ, 1500 ಅಡಿ ಎತ್ತರ ಮುಟ್ಟುವವರೆಗೆ, ಆ ಕ್ಷಣಕ್ಕೆ ಬೇಡವಾದ ಎಷ್ಟೋ ಎಚ್ಚರಿಕೆಗಳನ್ನು ಅದು ತಾನೇ ನುಂಗಿಕೊಂಡು ಕೂರುತ್ತದೆ. ದೋಷ ಇದ್ದರೂ ಆಮೇಲೆ ಹೇಳುತ್ತದೆ. ನೂರಾರು ಜೀವ ಹೊತ್ತ ಯಂತ್ರಕ್ಕೆ ಬಾಯಿಮುಚ್ಚಿಕೊಂಡಿರಲು ಬರುವುದಾದರೆ, ಕಾಲು ಕೆಜಿ ಮೆಣಸಿನಕಾಯಿಯ ಸುದ್ದಿ ಹೊತ್ತ ಯಂತ್ರಕ್ಕೆ ಯಾಕೆ ಬರಬಾರದು?

ಕಣ್ಣು ಕಾಣದವರ ವಿಷಯದಲ್ಲಿ ಈ ಮರ್ಯಾದೆ ಇನ್ನೂ ಮುಖ್ಯ. ಅವರು ಪರದೆಯನ್ನು ಓದಿ ಹೇಳುವ ತಂತ್ರಾಂಶದ ಮೂಲಕ ಕೆಲಸ ಮಾಡುತ್ತಾರೆ. ಉಚಿತವಾಗಿ ಸಿಗುವ ಎನ್‌ವಿಡಿಎ ಕನ್ನಡವನ್ನೂ ಓದುತ್ತದೆ. ನಮಗೆ ಚೌಕ ಮೂಲೆಯಲ್ಲಿ ಮೂಡಿದರೆ ಅವರಿಗೆ ಅದು ಓದಿನ ನಡುವೆಯೇ ಬಾಯಿ ಹಾಕುತ್ತದೆ. ಕಣ್ಣಿಗೆ ಅಂಚಿದೆ, ಕಿವಿಗೆ ಅಂಚಿಲ್ಲ. ಅದಕ್ಕೇ ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಇಂಥ ಸೂಚನೆಗಳಿಗೆ ಎರಡು ಗುಣ ಹೇಳಿದೆ. ಒಂದರ ಹೆಸರು ‘ಅಸರ್ಟಿವ್’, ಅದು ಮಾತು ಕಡಿದು ನುಗ್ಗುತ್ತದೆ. ಇನ್ನೊಂದರ ಹೆಸರು ‘ಪೊಲೈಟ್’, ಅಂದರೆ ವಿನಯವಂತ. ಅದು ನಡೆದಿರುವ ವಾಕ್ಯ ಮುಗಿಯುವವರೆಗೆ ಕಾಯುತ್ತದೆ. ತಾಂತ್ರಿಕ ಮಾನಕವೊಂದು ‘ವಿನಯ’ ಎಂಬ ಪದವನ್ನೇ ಎತ್ತಿ ಬಳಸಿದ್ದು ನನಗೆ ಬಹಳ ಹಿಡಿಸಿದೆ.

ಅಕ್ಷರವೇ ಇಲ್ಲದ ಒಂದು ಸೂಚನೆಯ ಕತೆ ಹೇಳುತ್ತೇನೆ. 1990ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ನಟಾಲಿ ಜೆರೆಮಿಜೆಂಕೊ ಎಂಬ ಕಲಾವಿದೆ ಸೂರಿನ ಸಣ್ಣ ಮೋಟರಿಗೆ 8 ಅಡಿ ಉದ್ದದ ಪ್ಲಾಸ್ಟಿಕ್ ದಾರವೊಂದನ್ನು ಇಳಿಬಿಟ್ಟರು. ಮೋಟರನ್ನು ಕಚೇರಿಯ ಕಂಪ್ಯೂಟರ್ ಜಾಲದ ತಂತಿಗೆ ಜೋಡಿಸಿದ್ದರು. ಜಾಲದಲ್ಲಿ ಮಾಹಿತಿಯ ಓಡಾಟ ಕಡಿಮೆಯಿದ್ದರೆ ದಾರ ಆಗೀಗ ತುಸು ಮಿಡುಕುತ್ತಿತ್ತು; ದಟ್ಟಣೆ ಹೆಚ್ಚಿದರೆ ಸುಯ್ಯೆಂದು ಗಿರಗಿರ ಸುತ್ತುತ್ತಿತ್ತು. ಹಜಾರದಲ್ಲಿ ಓಡಾಡುವವರಿಗೆ ನಿಲ್ಲದೆ, ಕೇಳದೆ, ಜಾಲದ ಸ್ಥಿತಿ ಗೊತ್ತಾಗುತ್ತಿತ್ತು. ಅಲ್ಲಿನ ಮಾರ್ಕ್ ವೈಸರ್ ಮತ್ತು ಜಾನ್ ಸೀಲಿ ಬ್ರೌನ್ 1995ರಲ್ಲಿ ಇದನ್ನು ಉದಾಹರಿಸಿ, ಒಳ್ಳೆಯ ತಂತ್ರಜ್ಞಾನ ನಮ್ಮ ಗಮನದ ಅಂಚಿನಲ್ಲಿ ವಾಸಿಸಬೇಕು, ಬೇಕಾದಾಗ ನಡುವಿಗೆ ಬಂದು ಮತ್ತೆ ಅಂಚಿಗೆ ಮರಳಬೇಕು ಎಂದು ವಾದಿಸಿದರು. ಮಳೆಗಾಲದಲ್ಲಿ ಹಂಚಿನ ಮೇಲಿನ ಸದ್ದು ಕೇಳಿಯೇ, ಅಂಗಳಕ್ಕಿಳಿಯದೆ, ಮಳೆ ಎಷ್ಟೆಂದು ಹೇಳುವ ನಮ್ಮ ಮಲೆನಾಡಿನ ಅಜ್ಜಿಯರಿಗೆ ಈ ವಾದ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಪ್ರಮುಖ ಕಾರ್ಯವ್ಯವಸ್ಥೆಗಳಲ್ಲೆಲ್ಲ ‘ತೊಂದರೆ ಕೊಡಬೇಡಿ’ ಎಂಬ ಗುಂಡಿ ಇದೆ. ಇದ್ದದ್ದು ಒಳ್ಳೆಯದೇ, ಬಳಸಿ. ಪಾಠ ಹೇಳುವಾಗ, ತೆರೆ ಹಂಚಿಕೊಳ್ಳುವಾಗ, ಲೆಕ್ಕಕ್ಕೆ ಕೂತಾಗ ಅದನ್ನು ಒತ್ತಿ. ತಂತ್ರಾಂಶವೊಂದನ್ನು ಹಾಕಿಕೊಂಡ ದಿನವೇ ಅದರ ಸೂಚನೆಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಆರಿಸಿ. ಆದರೆ ನನ್ನ ತಕರಾರು ಈ ಗುಂಡಿಯ ಮೇಲೇ ಇದೆ. ಊಟಕ್ಕೆ ಕೂತವರು ‘ನಾವು ಉಣ್ಣುತ್ತಿದ್ದೇವೆ’ ಎಂದು ಬಾಗಿಲಿಗೆ ಹಲಗೆ ತೂಗುಹಾಕುವುದಿಲ್ಲ. ಬಂದವರೇ ಅರಿತು ಜಗಲಿಯಲ್ಲಿ ಕೂರುತ್ತಾರೆ. ಹಿಂದೆ ಹಿರಿಯರು ಯಾರದೇ ಮನೆಗೆ ಹೋದರೂ ಹೊಸ್ತಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದರು. ಕೆಮ್ಮಿಗೆ ಉತ್ತರ ಕೊಡಬೇಕೆಂದಿಲ್ಲ, ಎದ್ದು ಬರಬೇಕೆಂದೂ ಇಲ್ಲ. ಯಾರೋ ಬಂದಿದ್ದಾರೆ ಎಂದು ಒಳಗೆ ತಿಳಿದರೆ ಸಾಕು. ತಿರುಗುವ ಹೊತ್ತನ್ನು ಒಳಗಿದ್ದವರು ಆರಿಸಿಕೊಳ್ಳುತ್ತಾರೆ. ಸೌಜನ್ಯದ ಹೊಣೆ ಬಂದವರದ್ದು.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ತಂತ್ರಾಂಶ ಬರೆಯುತ್ತಿರುವ ಯುವಕ ಯುವತಿಯರು ಇದನ್ನು ಕೇಳುತ್ತಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕೈಯಿಂದ ಹೊರಡುವ ಪ್ರತಿ ಸೂಚನೆಯೂ ಇನ್ನೊಬ್ಬರ ಊಟದ ಹೊತ್ತಿಗೆ ಬಾಗಿಲು ಬಡಿಯಬಲ್ಲದು. ಎದುರಿಗಿರುವವರು ಕೆಲಸದಲ್ಲಿದ್ದಾರೆ ಎಂದೇ ಮೊದಲು ಭಾವಿಸಿ. ಮೌನವನ್ನು ಬಳಕೆದಾರ ಹುಡುಕಿ ಒತ್ತಬೇಕಾದ ಗುಂಡಿಯಾಗಿ ಇಡಬೇಡಿ; ಸದ್ದನ್ನು ಹಾಗೆ ಇಡಿ.

ಗಾಜಿನಾಚೆ ಬೆರಳು ಮೇಲೆದ್ದಿದೆ. ಅವರು ನನ್ನ ಮಾತು ಕಡಿಯಲಿಲ್ಲ. ಅದಕ್ಕೇ ಈ ವಾಕ್ಯವನ್ನು ಪೂರ್ತಿ ಮಾಡಿ ನಿಲ್ಲಿಸುತ್ತಿದ್ದೇನೆ.